ಫೋಟೋದಲ್ಲಿ ಕೈಗಳನ್ನು ಎಲ್ಲಿ ಇಡಿಸುತ್ತೀರಿ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ಹೊರಗಡೆ ಪೋರ್ಟ್ರೇಟ್ ತೆಗೆಯಲು ಈಚೆಗೆ ಶುರು ಮಾಡಿದ್ದೇನೆ. ಮಾಡೆಲ್ ಅಂದರೆ ನನ್ನ ಸ್ನೇಹಿತೆಯೇ, ಕ್ಯಾಮೆರಾ ಮುಂದೆ ನಿಂತು ಅಭ್ಯಾಸ ಇಲ್ಲ. ಮುಖ ಚೆನ್ನಾಗಿ ಬರುತ್ತದೆ, ಬೆಳಕೂ ಪರವಾಗಿಲ್ಲ. ಕೈಗಳು ಮಾತ್ರ ಬೇರೆ ಯಾರದೋ ತಂದು ಅಂಟಿಸಿದ ಹಾಗೆ ಕಾಣುತ್ತವೆ. "ಕೈ ಎಲ್ಲಿಡಲಿ?" ಅಂತ ಅವಳು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. 35 ಎಂಎಂ (ಅಗಲ ನೋಟದ್ದು) ಮತ್ತು 85 ಎಂಎಂ (ದೂರದ್ದನ್ನು ಹತ್ತಿರ ತೋರಿಸುವುದು) ಎಫ್ 1.8 ಲೆನ್ಸ್ ಇವೆ, ಕ್ಯಾಮೆರಾ ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನದ್ದು. ನೀವೆಲ್ಲ ಏನು ಮಾಡುತ್ತೀರಿ?

ಉತ್ತರ: ಕೈ ಸರಿ ಮಾಡಬೇಕು ಅಂದ ಕೂಡಲೇ ಎಲ್ಲರೂ ಬೆರಳುಗಳ ಬೆನ್ನು ಹತ್ತುತ್ತಾರೆ. ನಾನು ಭುಜದಿಂದ ಶುರು ಮಾಡುತ್ತೇನೆ. ಗಾಬರಿಯಲ್ಲಿರುವವರ ಭುಜ ಮೇಲಕ್ಕೆ ಏರಿರುತ್ತದೆ. ಭುಜ ಬಿಗಿಯಾದರೆ ಮೊಣಕೈ ಬಿಗಿ, ಮೊಣಕೈ ಬಿಗಿಯಾದರೆ ಬೆರಳುಗಳೂ ಸೆಟೆದುಕೊಳ್ಳುತ್ತವೆ, ಆಮೇಲೆ "ಬೆರಳು ಸಡಿಲ ಬಿಡು, ಸಡಿಲ ಬಿಡು" ಅಂತ ಎಷ್ಟು ಸಲ ಹೇಳಿದರೂ ಅಷ್ಟೇ. ಒಂದು ಕಾಲಿನ ಮೇಲೆ ಭಾರ ಹಾಕಿ ನಿಲ್ಲಲು ಹೇಳಿ. ಜೋರಾಗಿ ಉಸಿರು ಬಿಡಲಿ, ಎರಡೂ ಕೈ ಚೆನ್ನಾಗಿ ಕೊಡವಿಕೊಳ್ಳಲಿ. ಭುಜ ಕೆಳಗಿಳಿದದ್ದು ನಿಮಗೇ ಕಾಣುತ್ತದೆ.

ಆಮೇಲೆ ಮೊಣಕೈ. ಸ್ವಲ್ಪ ಮಡಚಿ, ಸೊಂಟದಿಂದ ಆಚೆ ಸರಿಸಿ. ತೋಳು ಮೈಗೆ ಒತ್ತಿಕೊಂಡಿದ್ದರೆ ಚಪ್ಪಟೆಯಾಗಿ ಅಗಲ ಕಾಣುತ್ತದೆ, ಸೊಂಟವೂ ದಪ್ಪ ಕಾಣುತ್ತದೆ. ನಡುವಿನ ಸಂದಿಯಲ್ಲಿ ಹಿಂದಿನ ಹಸಿರು ಇಣುಕಿದರೆ ಸಾಕು. ಮಣಿಕಟ್ಟಿಗೂ ಒಂದು ಸಣ್ಣ ಬಾಗು ಇರಲಿ, ಪೂರ್ತಿ ಮುರಿದ ಹಾಗೆ ಬೇಡ.

ಇನ್ನು ಕೈಯ ಯಾವ ಬದಿ ಕಾಣಬೇಕು ಅನ್ನುವುದು. ಮಣಿಕಟ್ಟಿನಿಂದ ನಡುಬೆರಳಿನ ತುದಿವರೆಗಿನ ಉದ್ದ ಹೆಚ್ಚುಕಡಿಮೆ ಗದ್ದದಿಂದ ಹಣೆಯ ಕೂದಲಿನ ಅಂಚಿನವರೆಗೆ ಬರುತ್ತದೆ, ನಿಮ್ಮದೇ ಕೈ ಇಟ್ಟು ನೋಡಿ. ಅಂದರೆ ಕೆನ್ನೆ ಪಕ್ಕ ಕೈಯ ಹಿಂಬದಿ ಪೂರ್ತಿ ಬಂದರೆ ಅದು ಮುಖದ ಜೊತೆ ಪೈಪೋಟಿಗೆ ನಿಲ್ಲುತ್ತದೆ. ಕಿರುಬೆರಳಿನ ಅಂಚನ್ನು ಕ್ಯಾಮೆರಾ ಕಡೆ ತಿರುಗಿಸಿ, ಅದೇ ಕೈ ಅರ್ಧಕ್ಕರ್ಧ ಸಣ್ಣದಾಗಿ ಕಾಣುತ್ತದೆ. ಕೆನ್ನೆಗೆ, ಗದ್ದಕ್ಕೆ ಬೆರಳು ತಾಗಿದರೆ ಸಾಕು, ತಲೆಯ ಭಾರ ಅದರ ಮೇಲೆ ಬೀಳಬಾರದು. ಭಾರ ಬಿತ್ತೋ, ಕೆನ್ನೆ ಕಣ್ಣಿನ ಕಡೆ ಮಡಚಿಕೊಳ್ಳುತ್ತದೆ.

ನಿಲ್ಲಿಸಿದ ಪೋಸ್‌ಗಿಂತ ನನಗೆ ಚಲನೆ ಇಷ್ಟ. "ಕೂದಲನ್ನು ನಿಧಾನವಾಗಿ ಕಿವಿ ಹಿಂದೆ ಸರಿಸು" ಅಂತ ಹೇಳುತ್ತೇನೆ. ಕೂದಲು ಹಿಡಿದಿರುವಾಗ ಫೋಟೋ ಅಷ್ಟೇನೂ ಚೆನ್ನಾಗಿರುವುದಿಲ್ಲ. ಸರಿಸಿ ಮುಗಿದ ಮೇಲೆ ಬೆರಳು ಕಿವಿ ಬಿಟ್ಟು ಕತ್ತಿನ ಗುಂಟ ಇಳಿಯುತ್ತದಲ್ಲ, ಆಗ ಬೆರಳುಗಳು ತಾವಾಗೇ ಒಂದರ ಹಿಂದೆ ಒಂದು ಬಾಗಿರುತ್ತವೆ, ಆ ಬಾಗು ಹೇಳಿ ಮಾಡಿಸಲು ಆಗುವುದಿಲ್ಲ. ಬರ್ಸ್ಟ್ ಮೋಡ್ (ಒತ್ತಿ ಹಿಡಿದರೆ ಸಾಲಾಗಿ ಫೋಟೋ ತೆಗೆಯುವುದು) ಇಟ್ಟು, ಶಟರ್ ಸ್ಪೀಡ್ 1/500 ಸೆಕೆಂಡಿಗೆ ಏರಿಸಿ, ಕೈ ಕೆಳಗೆ ಬರುವ ತನಕ ಒತ್ತುತ್ತಲೇ ಇರಿ.

ಉತ್ತರ: ಮೇಲೆ ಹೇಳಿದ್ದೆಲ್ಲ ಸರಿ, ಆದರೆ ಹೊಸಬರಿಗೆ ಭುಜ, ಮೊಣಕೈ, ಮಣಿಕಟ್ಟು ಅಂತ ಇಷ್ಟೆಲ್ಲ ಹೇಳುತ್ತಾ ಹೋದರೆ ಮುಖ ಗಂಟಿಕ್ಕುತ್ತದೆ. ಕೈಗೆ ಕೆಲಸ ಕೊಡಿ, ಮುಗೀತು. ಜಾಕೆಟ್ ಕಾಲರ್, ಬ್ಯಾಗಿನ ಪಟ್ಟಿ, ಅಂಗಿಯ ತೋಳು ಮಡಚುವುದು, ಗಾಳಿಗೆ ಹಾರುವ ಟೋಪಿ ಹಿಡಿಯುವುದು. ಬೇಲಿಯೋ ಮರದ ಕಾಂಡವೋ ಇದ್ದರೆ ಬೆರಳ ತುದಿಯಷ್ಟೇ ಇಡಲಿ, ಗಟ್ಟಿಯಾಗಿ ಹಿಡಿದರೆ ಗೆಣ್ಣುಗಳು ಬಿಳಿಚಿಕೊಂಡು ಎದ್ದು ಕಾಣುತ್ತವೆ. ಜೇಬಿಗೆ ಪೂರ್ತಿ ಕೈ ತುರುಕಿದರೆ ಮಣಿಕಟ್ಟಿನಿಂದ ಕೆಳಗೆ ಕೈಯೇ ಇಲ್ಲವೇನೋ ಅನಿಸುತ್ತದೆ. ಹೆಬ್ಬೆರಳು ಹೊರಗಿರಲಿ. ಹೂವು ಮೂಸುವ ಪೋಸ್ ಮಾತ್ರ ದಯವಿಟ್ಟು ಬೇಡ, ನೋಡಿ ನೋಡಿ ಸಾಕಾಗಿದೆ.

ಉತ್ತರ: ಎಲ್ಲರೂ ಮಾಡೆಲ್‌ಗೇ ಹೇಳುತ್ತಿದ್ದೀರಿ, ಅರ್ಧ ತಪ್ಪು ಕ್ಯಾಮೆರಾ ಹಿಡಿದವರದ್ದು. ಮುಖ 1 ಮೀಟರ್ ದೂರದಲ್ಲಿದ್ದು, ಕೈ ಅದಕ್ಕಿಂತ 30 ಸೆಂ.ಮೀ. ಮುಂದೆ ಬಂದರೆ, ಫೋಟೋದಲ್ಲಿ ಕೈ ಮುಖದ ಲೆಕ್ಕಕ್ಕಿಂತ ಸುಮಾರು 1.4 ಪಟ್ಟು ದೊಡ್ಡದಾಗುತ್ತದೆ. ನೀವು 3 ಮೀಟರ್ ಹಿಂದೆ ಹೋದರೆ ಅದೇ ಕೈ 1.1 ಪಟ್ಟು ಅಷ್ಟೇ. ಲೆನ್ಸ್ ಬರೀ ನೆಪ, ಇದು ದೂರದ ಆಟ. 35 ಎಂಎಂ ಹಾಕಿದಾಗ ಫ್ರೇಮ್ ತುಂಬಲು ನಾವು ಹತ್ತಿರ ಹೋಗುತ್ತೇವೆ, ಅಲ್ಲೇ ಎಡವಟ್ಟು. ಮುಖದ ಹತ್ತಿರ ಕೈ ಇದ್ದರೆ 85 ಹಾಕಿಕೊಳ್ಳಿ, ದೂರ ನಿಂತೇ ಫ್ರೇಮ್ ತುಂಬುತ್ತದೆ.

ಆದರೆ 85ರಲ್ಲಿ ಎಫ್ 1.8 ಇಟ್ಟು, ಅಂದರೆ ಲೆನ್ಸ್ ಪೂರ್ತಿ ತೆರೆದು, 2 ಮೀಟರ್‌ನಿಂದ ತೆಗೆದರೆ ಶಾರ್ಪ್ ಬರುವ ಜಾಗ ಮುಂದಿನಿಂದ ಹಿಂದಕ್ಕೆ ಹೆಚ್ಚೆಂದರೆ 6 ಸೆಂ.ಮೀ. ಕಣ್ಣಿಗೆ ಫೋಕಸ್ ಮಾಡಿದ್ದೀರಿ, ಕೈ ಒಂದು ಗೇಣು ಮುಂದಿದೆ, ಅದು ಮಸುಕಾದ ಉಂಡೆಯಾಗಿ ಬರುತ್ತದೆ. ಲೆನ್ಸಿನ ಬಾಯಿ ಕಿರಿದು ಮಾಡಿ ಎಫ್ 4ಕ್ಕೆ ಹೋದರೂ ಸಿಗುವುದು 13 ಸೆಂ.ಮೀ. ಅದಕ್ಕೇ ಕೈಯನ್ನೇ ಮುಖದ ಸಾಲಿಗೆ ಹಿಂದೆ ತರುವುದು ಒಳ್ಳೆಯದು.

ಬೆಳಕಿನದ್ದೂ ಒಂದು ತಕರಾರು ಇದೆ. ಬಿಸಿಲು ಬೆನ್ನ ಹಿಂದಿದ್ದು ಮುಖ ನೆರಳಿನಲ್ಲಿದ್ದಾಗ, ತಲೆ ಹತ್ತಿರ ಎತ್ತಿದ ಕೈ ಮಾತ್ರ ನೆರಳಿನಿಂದ ಆಚೆ ಹೋಗಿ ಬಿಸಿಲಿಗೆ ಸಿಕ್ಕಿ ಬೆಳ್ಳಗೆ ಸುಟ್ಟುಹೋಗುತ್ತದೆ. ಸೊಂಟದ ಮಟ್ಟದಲ್ಲಿ ರಿಫ್ಲೆಕ್ಟರ್ (ಬೆಳಕನ್ನು ಮುಖದ ಕಡೆ ತಿರುಗಿಸುವ ಹಲಗೆ) ಹಿಡಿದರೂ ಅಷ್ಟೇ, ಅದಕ್ಕೆ ಹತ್ತಿರ ಇರುವುದು ಕೈ, ಮುಖ ಅಲ್ಲ. ಕೈ ಮುಖಕ್ಕಿಂತ ಒಂದು ಚೂರು ಕಪ್ಪಗಿದ್ದರೆ ನನಗೇನೂ ಬೇಜಾರಿಲ್ಲ. ಕ್ರಾಪ್ ಮಾಡುವಾಗ ಮಣಿಕಟ್ಟಿನಲ್ಲಿ, ಬೆರಳಿನ ಗೆಣ್ಣಿನಲ್ಲಿ ಕತ್ತರಿಸಬೇಡಿ, ಮಣಿಕಟ್ಟು ಮತ್ತು ಮೊಣಕೈ ನಡುವೆ ಕತ್ತರಿಸಿ ಇಲ್ಲಾ ಪೂರ್ತಿ ಬಿಡಿ.

ಉತ್ತರ: ಕಿರುಬೆರಳಿನ ಅಂಚಿನ ವಿಷಯಕ್ಕೆ ನನ್ನದೊಂದು ಆಕ್ಷೇಪ. ಕೈ ಕೆಲಸ ಮಾಡುವವರ ಪೋರ್ಟ್ರೇಟ್ ತೆಗೆಯುವಾಗ, ಬಡಗಿ ಇರಬಹುದು, ವಾದ್ಯ ನುಡಿಸುವವರು ಇರಬಹುದು, ಅಗಲವಾದ ಕೈ, ಉಬ್ಬಿದ ನರ, ಒರಟು ಗೆಣ್ಣು ಇವೇ ಆ ಫೋಟೋ. ಅಲ್ಲಿ ಕೈ ಸಣ್ಣ ಮಾಡಿ ಏನು ಮಾಡುತ್ತೀರಿ? ನರ ಕಾಣುವುದು ಬೇಡ ಅನ್ನುವವರಿದ್ದರೆ ಸ್ವಲ್ಪ ಹೊತ್ತು ಕೈ ತಲೆ ಮೇಲೆ ಎತ್ತಿ ಹಿಡಿಯಲಿ, ರಕ್ತ ಕೆಳಗಿಳಿದು ನರ ಅಡಗುತ್ತದೆ. ಇಳಿಸಿದ ಕೂಡಲೇ ಕ್ಲಿಕ್ ಮಾಡಬೇಕು, ಜೋತುಬಿಟ್ಟರೆ ಮತ್ತೆ ಉಬ್ಬುತ್ತದೆ. ಚಳಿಯಲ್ಲಿ ನಡುನಡುವೆ ಗ್ಲೌಸ್ ಹಾಕಿಕೊಳ್ಳಲಿ, ಕೆಂಪಾದ ಬೆರಳು ಎಡಿಟಿಂಗ್‌ನಲ್ಲಿ ಭಾರಿ ತಲೆನೋವು.

ಪೋಸ್ ಹೇಳಿಕೊಡುವಾಗ ಕೇಳದೆ ಯಾರ ಕೈಯನ್ನೂ ಮುಟ್ಟಿ ಸರಿ ಮಾಡಬೇಡಿ, ಸ್ನೇಹಿತೆಯೇ ಆದರೂ. ಎದುರು ನಿಂತು ನೀವೇ ಮಾಡಿ ತೋರಿಸಿ. ಅವರು ಕನ್ನಡಿ ನೋಡಿದ ಹಾಗೆ ಅನುಸರಿಸುತ್ತಾರೆ, ಆದ್ದರಿಂದ ಅವರ ಎಡಗೈ ಬೇಕಿದ್ದರೆ ನೀವು ಬಲಗೈ ಎತ್ತಿ. ಮತ್ತೆ ಶುರು ಮಾಡುವ ಮೊದಲೇ ಮಣಿಕಟ್ಟು ನೋಡಿಬಿಡಿ, ಕೂದಲಿನ ರಬ್ಬರ್ ಬ್ಯಾಂಡ್ ಅಲ್ಲೇ ಇರುತ್ತದೆ.