ಅಮ್ಮ ಬಿ12 ಮಾತ್ರೆ ಬಿಟ್ಟಿದ್ದಾರೆ, ಅನುಭವ ಇದ್ದವರು ಹೇಳಿ

ಬದಿಯಡ್ಕದಿಂದ ಪ್ರಶ್ನೆ:
ಅಮ್ಮನಿಗೆ 67 ವರ್ಷ, ಶುದ್ಧ ಸಸ್ಯಾಹಾರಿ. ಪಾದ ಜೋಮು ಹಿಡಿಯುತ್ತದೆ ಎಂದು ಮಂಗಳೂರಿನಲ್ಲಿ ತೋರಿಸಿದೆವು. ಬಿ12, ಕ್ಯಾಲ್ಸಿಯಂ ಬರೆದುಕೊಟ್ಟರು. ಮಾತ್ರೆಗೆ ಮರದ ಪುಡಿ, ಕಲ್ಲಿನ ಪುಡಿ ಬೆರೆಸುತ್ತಾರೆ ಎಂದು ವಾಟ್ಸಾಪ್‌ನಲ್ಲಿ ಬಂತು. ಅಂದಿನಿಂದ ಅಮ್ಮ ಮುಟ್ಟುತ್ತಿಲ್ಲ. ಡಬ್ಬಿಯಲ್ಲಿ ಸೆಲ್ಯುಲೋಸ್, ಮೆಗ್ನೀಸಿಯಂ ಸ್ಟಿಯರೇಟ್, ಟಾಲ್ಕ್ ಅಂತೆಲ್ಲ ಇರುವುದು ನಿಜ. ಏನು ಮಾಡಲಿ?

ನೀರ್ಚಾಲಿನಿಂದ:
ಅಕ್ಕ, ನಮ್ಮ ಅತ್ತೆಯೂ ಹೀಗೇ ಹೆದರಿದ್ದರು. ಔಷಧಿ ಅಂಗಡಿಯವರು ಬಿಡಿಸಿ ಹೇಳಿದ ಮೇಲೆ ಸಮಾಧಾನವಾಯಿತು. 1500 ಮೈಕ್ರೋಗ್ರಾಂ ಬಿ12 ಅಂದರೆ ಒಂದೂವರೆ ಮಿಲಿಗ್ರಾಂ. ಒಂದು ಸಾಸಿವೆ ಕಾಳಿಗಿಂತ ಹಗುರ. ಅಷ್ಟನ್ನೇ ಕೈಯಲ್ಲಿ ಹಿಡಿದು ನುಂಗಲು ಆಗುತ್ತದಾ? ಅದಕ್ಕೇ ಗಾತ್ರ ಬರಲು ಬೇರೆ ಪುಡಿ ಸೇರಿಸುತ್ತಾರೆ. ಸೆಲ್ಯುಲೋಸನ್ನು ಮರದ ತಿರುಳಿನಿಂದ ತೆಗೆಯುವುದು ಹೌದು. ಆದರೆ ಅದು ನಾವು ತಿನ್ನುವ ಬಸಳೆ, ಹರಿವೆಯಲ್ಲಿರುವ ನಾರೇ. ಜೀರ್ಣವಾಗದೆ ಹೊರಗೆ ಹೋಗುತ್ತದೆ. ಒತ್ತು ಶ್ಯಾವಿಗೆಯ ಅಚ್ಚಿಗೆ ಎಣ್ಣೆ ಸವರುತ್ತೇವಲ್ಲ, ಮೆಗ್ನೀಸಿಯಂ ಸ್ಟಿಯರೇಟ್ ಮಾಡುವುದು ಅದೇ ಕೆಲಸ. ಪುಡಿ ಯಂತ್ರಕ್ಕೆ ಅಂಟಬಾರದು. ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲಿನ ಆಸುಪಾಸು ಸಾಕು. ಟಾಲ್ಕ್ ಬಳಪದ ಕಲ್ಲಿನ ಪುಡಿಯೇ, ಅದೂ ಚೂರೇ ಚೂರು. ಇನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಇದ್ದರೆ, ಅದು ಸುಣ್ಣಕಲ್ಲಿನ ಜಾತಿಯದ್ದೇ. ಅಲ್ಲಿ ಆ ಪುಡಿಯೇ ಔಷಧಿ!

ನಮಗೆ ನಿಜವಾಗಿ ನೋವಾದದ್ದು ಬೇರೆ ವಿಷಯದಲ್ಲಿ. ಅತ್ತೆ ವಾರಕ್ಕೊಂದು ವಿಟಮಿನ್ ಡಿ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದರು. ಒಂದು ದಿನ ಮಗಳು ಪೆಟ್ಟಿಗೆಯ ಮೇಲಿನದ್ದನ್ನು ಗಟ್ಟಿಯಾಗಿ ಓದಿದಳು: ಜೆಲಾಟಿನ್. ದನ, ಹಂದಿಯ ಚರ್ಮ, ಮೂಳೆಯಿಂದ ಮಾಡುವಂಥದ್ದು. ಅತ್ತೆ ಏನೂ ಹೇಳಲಿಲ್ಲ. ಆ ರಾತ್ರಿ ಊಟ ಮಾಡಲಿಲ್ಲ. ತಂದುಕೊಟ್ಟವಳು ನಾನು, ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ಈಗ ಹಾಲಿಗೆ ಬೆರೆಸುವ ಪುಡಿಯ ಪೊಟ್ಟಣ ತರುತ್ತೇವೆ. ಹಾಗಾಗಿ ನೀವು ಹಸಿರು ಚುಕ್ಕೆ ಇದೆಯಾ ನೋಡಿ. ಸ್ಟಿಯರೇಟನ್ನೂ ಪ್ರಾಣಿಕೊಬ್ಬಿನಿಂದ ಮಾಡುವುದುಂಟು. ಔಷಧಿಯೆಂದು ಮಾರುವ ಸ್ಟ್ರಿಪ್‌ಗಳಲ್ಲಿ ಎಷ್ಟೋ ಸಲ ‘ಎಕ್ಸಿಪಿಯೆಂಟ್ಸ್’ (ಔಷಧಿಯ ಜೊತೆ ಸೇರಿಸುವ ಇಂಥ ಬೇರೆ ಪುಡಿಗಳು) ಎಂಬ ಒಂದೇ ಪದ ಇರುತ್ತದೆ. ಆಗ ಅಂಗಡಿಯವರನ್ನೇ ಕೇಳಬೇಕು, ಸಂಕೋಚ ಬೇಡ.

ಅಮ್ಮನಿಗೆ ತೋರಿಸಲು ಒಂದು ದಾರಿ ಇದೆ. ಮೇಲೆ ಲೇಪವಿಲ್ಲದ ಮಾತ್ರೆಯನ್ನು ಉಗುರು ಬೆಚ್ಚಗಿನ ನೀರಿಗೆ ಹಾಕಿ. ಒಡೆದು ಹರಡುತ್ತದೆ. ನೀರು ಹೀರಿ ಉಬ್ಬಿ ಮಾತ್ರೆಯನ್ನು ಒಡೆಯುವುದಕ್ಕೂ ಒಂದು ಪುಡಿ ಹಾಕಿರುತ್ತಾರೆ. ಅತ್ತೆ ಲೋಟದ ಮುಂದೆಯೇ ಕುಳಿತು ನೋಡಿದರು.

ಉಪ್ಪಳದಿಂದ:
ಬಣ್ಣವನ್ನೂ ನೋಡಿ. ನನಗೆ ಟಾರ್ಟ್ರಜಿನ್ ಎಂಬ ಹಳದಿ ಬಣ್ಣ ಇದ್ದರೆ ಮೈಮೇಲೆ ದಡಿಕೆ ಏಳುತ್ತದೆ. ಡಾಕ್ಟರಿಗೆ ಹೇಳಿ ಬಿಳಿ ಮಾತ್ರೆಗೆ ಬದಲಿಸಿಕೊಂಡೆ. ಹಾಲು ಆಗದವರು ಲ್ಯಾಕ್ಟೋಸ್ ಇದೆಯಾ ಎಂದೂ ಓದಿಕೊಳ್ಳಿ. ಮತ್ತೆ, ಪಾದ ಜೋಮು ಹಿಡಿಯುವಾಗ ಬಿ12 ಸುಮ್ನೆ ನಿಲ್ಲಿಸಬೇಡಿ, ನರಕ್ಕೆ ತೊಂದರೆ.

ಬದಿಯಡ್ಕದಿಂದ:
ಬಿ12 ಡಬ್ಬಿಯಲ್ಲಿ ಹಸಿರು ಚುಕ್ಕೆ ಇದೆ. ಲ್ಯಾಕ್ಟೋಸೂ ಇದೆ, ಆದರೆ ಅಮ್ಮ ದಿನಾ ಹಾಲು ಮಜ್ಜಿಗೆ ಕುಡಿಯುವವರು. ಲೋಟದಲ್ಲಿ ಮಾತ್ರೆ ಹಾಕಿ ತೋರಿಸಿದೆ. ‘ಇಷ್ಟೆಯಾ’ ಅಂದರು. ನಾಳೆ ಬೆಳಗ್ಗೆ ತಿಂಡಿಯಾದ ಮೇಲೆ ಕೊಡುತ್ತೇನೆ.