ಮ್ಯಾಗ್‌ಸಲ್ಫ್ (ಮೆಗ್ನೀಸಿಯಂ ಸಲ್ಫೇಟ್) ಚಾರ್ಟ್ ಗೋಡೆ ಮೇಲಿದೆ, ಕೇಸ್ ಶೀಟಲ್ಲಿ ಇಲ್ಲ. ಎಲ್ಲಿ ತಪ್ಪುತ್ತಿದೆ?

ಲೇಬರ್‌ರೂಮ್_ಮಂಡ್ಯ:
ತಾಲ್ಲೂಕು ಆಸ್ಪತ್ರೆ ಲೇಬರ್ ರೂಮ್ ವಿಚಾರ. ಎಕ್ಲಾಂಪ್ಸಿಯಾಗೆ (ಬಸುರಿ, ಬಾಣಂತಿಯರಿಗೆ ಬಿಪಿ ಏರಿ ಬರೋ ಫಿಟ್ಸ್) ಮ್ಯಾಗ್‌ಸಲ್ಫ್ ಕೊಡೋ ಪ್ರಿಚರ್ಡ್ ಕ್ರಮದ ಚಾರ್ಟ್ ಅಂಟಿಸಿದೆ, ಎಲ್ಲರಿಗೂ ಟ್ರೈನಿಂಗ್ ಆಗಿದೆ, ಕೇಳಿದರೆ ಬಾಯಿಪಾಠ ಒಪ್ಪಿಸ್ತಾರೆ. ಆದರೂ ಲೋಡಿಂಗ್ ಡೋಸ್ (ಮೊದಲ ದೊಡ್ಡ ಡೋಸ್) ತಡ ಆಗುತ್ತೆ. ಆಮೇಲೆ ನಾಲ್ಕು ಗಂಟೆಗೊಮ್ಮೆ ಕೊಡೋ ಡೋಸ್‌ಗಳಿಗೆ ಮುಂಚೆ ನೋಡಬೇಕಾದ ಮೂರು ಪರೀಕ್ಷೆ ಬರೆದಿರಲ್ಲ, ಬರೆದಿದ್ದರೂ ಎಲ್ಲಾ ಕಡೆ ಒಂದೇ ಅಂಕಿ. ಇನ್ನೊಂದು ಟ್ರೈನಿಂಗ್ ಇಟ್ಟುಬಿಡಿ ಅಂತಾರೆ ಮೇಲಿನವರು. ಪ್ರಯೋಜನ ಇದೆಯಾ?

ಸೀನಿಯರ್_ಸಿಸ್ಟರ್_ಮೈಸೂರು:
ಟ್ರೈನಿಂಗ್ ಆಮೇಲೆ ಮೇಡಂ, ಮೊದಲು ಆಂಪ್ಯೂಲ್ ಎಣಿಸಿ. ನಮಗೆ ಬರೋದು 50%ದ್ದು, 2 ಮಿಲಿಯಲ್ಲಿ 1 ಗ್ರಾಂ. ಲೋಡಿಂಗ್ 14 ಗ್ರಾಂ ಅಂದರೆ 14 ಆಂಪ್ಯೂಲ್ ಒಡೀಬೇಕು. ನಾಲ್ಕು ಆಂಪ್ಯೂಲ್, ಅಂದರೆ 8 ಮಿಲಿಗೆ, 12 ಮಿಲಿ ಡಿಸ್ಟಿಲ್ಡ್ ವಾಟರ್ ಸೇರಿಸಿ 20 ಮಿಲಿ ಮಾಡಿ ಐವಿ (ರಕ್ತನಾಳಕ್ಕೆ), 5 ನಿಮಿಷಕ್ಕೆ ಕಮ್ಮಿ ಇಲ್ಲದ ಹಾಗೆ ನಿಧಾನಕ್ಕೆ. ಮಿಕ್ಕ ಹತ್ತರಲ್ಲಿ ಐದೈದು ಒಂದೊಂದು ಪೃಷ್ಠಕ್ಕೆ, ಆಳಕ್ಕೆ ಐಎಂ (ಮಾಂಸಖಂಡಕ್ಕೆ), ನೋವು ಕಮ್ಮಿ ಆಗೋಕೆ ಪ್ರತಿ ಸಿರಿಂಜಿಗೂ 2% ಲಿಗ್ನೊಕೇನ್ 1 ಮಿಲಿ. ಒಟ್ಟು 11 ಮಿಲಿ ಆಗೋದರಿಂದ 10ರ ಸಿರಿಂಜ್ ಸಾಲಲ್ಲ, 20ರದ್ದೇ ಬೇಕು. ಚಾರ್ಟಲ್ಲಿ ಇದು ಇರಲ್ಲ!

ರಾತ್ರಿ ಇಬ್ಬರೇ ಇದ್ದು, ಒಬ್ಬರು ಫಿಟ್ಸ್ ಬಂದವರನ್ನ ಎಡಮಗ್ಗುಲಿಗೆ ತಿರುಗಿಸಿ ಆಕ್ಸಿಜನ್ ಹಿಡಿದಿದ್ದರೆ, ಬೀಗದ ಕೈ ಹುಡುಕೋದು, ಸಿರಿಂಜ್ ಹುಡುಕೋದು, ಒಡೆಯೋದು ಎಲ್ಲಾ ಇನ್ನೊಬ್ಬರೇ. ಡಬ್ಬ ಮಾಡಿ: 14 ಮ್ಯಾಗ್‌ಸಲ್ಫ್, 20ರ ಮೂರು ಸಿರಿಂಜ್, ಡಿಸ್ಟಿಲ್ಡ್ ವಾಟರ್, ಲಿಗ್ನೊಕೇನ್, ಮ್ಯಾಗ್‌ಸಲ್ಫ್ ಹೆಚ್ಚಾದರೆ ಕೊಡೋ 10% ಕ್ಯಾಲ್ಸಿಯಂ ಗ್ಲುಕೋನೇಟ್ 10 ಮಿಲಿ. ಮುಚ್ಚಳಕ್ಕೆ ಪ್ಲಾಸ್ಟರ್ ಸುತ್ತಿ, ಒಳಗಿರೋದರಲ್ಲಿ ಮೊದಲು ಮುಗಿಯೋ ಎಕ್ಸ್‌ಪೈರಿ ತಾರೀಖು ಅದರ ಮೇಲೇ ಬರೀರಿ. ಡಬ್ಬ ಒಡೆದ ಶಿಫ್ಟಿನವರೇ ತುಂಬಿಸಿ ಹೋಗಬೇಕು. ಇದೊಂದು ಸಡಿಲ ಆದರೆ ತಿಂಗಳೊಳಗೆ ಡಬ್ಬ ಖಾಲಿ.

ಪೋಸ್ಟ್‌ನೇಟಲ್_ವಾರ್ಡ್:
ಮೂರು ಪರೀಕ್ಷೆ ಅಂದರೆ ಉಸಿರು ನಿಮಿಷಕ್ಕೆ ಕನಿಷ್ಠ 16 ಇರಬೇಕು, ಮೊಣಕಾಲಿನ ಜರ್ಕ್ (ತಟ್ಟಿದಾಗ ಕಾಲು ಚಿಮ್ಮೋದು) ಬರಬೇಕು, ಮೂತ್ರ ಗಂಟೆಗೆ ಕನಿಷ್ಠ 30 ಮಿಲಿ, ಅಂದರೆ ನಾಲ್ಕು ಗಂಟೆಗೆ 120. ಒಂದೊಂದಕ್ಕೂ ಒಂದೊಂದು ಅಡ್ಡಿ. ಮೂತ್ರದ ಬ್ಯಾಗನ್ನ ಗ್ರೂಪ್ ಡಿಯವರು ತುಂಬಿದಾಗ ಚೆಲ್ಲಿಬಿಡ್ತಾರೆ, ಲೆಕ್ಕ ಯಾರಿಗೂ ಗೊತ್ತಿಲ್ಲ. ಡೋಸ್ ಹೊತ್ತಿಗೆ ಸಿಸ್ಟರೇ ಅಳೆದು ಚೆಲ್ಲಬೇಕು. ಜರ್ಕ್ ನೋಡೋ ಹ್ಯಾಮರ್ ಡಾಕ್ಟರ್ ಡ್ರಾಯರಲ್ಲಿರುತ್ತೆ. ಕಾಲು ಸಡಿಲ ಬಿಡಿಸಿ ಅಂಗೈ ಅಂಚಲ್ಲಿ ತಟ್ಟಿದರೂ ಜರ್ಕ್ ಗೊತ್ತಾಗುತ್ತೆ. ಉಸಿರನ್ನಂತೂ ಯಾರೂ ಪೂರ್ತಿ ನಿಮಿಷ ಎಣಿಸಲ್ಲ, ಎಲ್ಲರಿಗೂ 18.

ಕಾರಣ ಹೇಳಿಕೊಟ್ಟರೆ ಎಣಿಸ್ತಾರೆ. ಮೆಗ್ನೀಸಿಯಂ ಹೊರಗೆ ಹೋಗೋದು ಮೂತ್ರದಲ್ಲಿ. ಮೂತ್ರ ಇಳಿದರೆ ರಕ್ತದಲ್ಲಿ ಏರುತ್ತೆ, ಮೊದಲು ಜರ್ಕ್ ಹೋಗುತ್ತೆ, ಆಮೇಲೆ ಉಸಿರು ಕುಗ್ಗುತ್ತೆ. ಮೂರರಲ್ಲಿ ಒಂದು ಇಲ್ಲದಿದ್ದರೂ ಡೋಸ್ ತಡೆದು ಡಾಕ್ಟರನ್ನ ಕರೀಬೇಕು. ಉಸಿರು ನಿಂತರೆ ಆಂಬು ಬ್ಯಾಗ್ (ಕೈಯಲ್ಲಿ ಒತ್ತಿ ಉಸಿರು ಕೊಡೋ ಚೀಲ) ಹಿಡಿದು ಕ್ಯಾಲ್ಸಿಯಂ ನಿಧಾನಕ್ಕೆ ಐವಿ.

ಇನ್ನೊಂದು, ಬೆಳಿಗ್ಗೆ 10ಕ್ಕೆ ಲೋಡಿಂಗ್ ಆದರೆ ಮುಂದಿನ 5 ಗ್ರಾಂ ಮಧ್ಯಾಹ್ನ 2ಕ್ಕೆ, ಸರಿಯಾಗಿ ಹ್ಯಾಂಡ್‌ಓವರ್ ಹೊತ್ತಿಗೆ. ಅವರು ಕೊಡ್ತಾರೆ ಅಂತ ಇವರು, ಇವರು ಕೊಟ್ಟಿರ್ತಾರೆ ಅಂತ ಅವರು. ಹೊರಡೋ ಶಿಫ್ಟೇ ಕೊಟ್ಟು ಹೋಗಲಿ.

ಲೇಬರ್‌ರೂಮ್_ಮಂಡ್ಯ:
ಡಬ್ಬ ನಾಳೇನೇ ಮಾಡಿಸ್ತೀನಿ. ಆದರೆ ಡ್ಯೂಟಿ ಡಾಕ್ಟರ್ ಕ್ವಾರ್ಟರ್ಸಲ್ಲಿದ್ದಾಗ ಅವರು ಬರೋವರೆಗೂ ಸಿಸ್ಟರ್‌ಗಳು ಕೈ ಕಟ್ಟಿ ನಿಲ್ತಾರೆ. ಇಷ್ಟು ದೊಡ್ಡ ಡೋಸ್, ಬರೆದುಕೊಡದೆ ಹೇಗೆ ಕೊಡೋದು ಅಂತ ಹೆದರಿಕೆ.

ಎಂಒ_ಹಳೆಮೈಸೂರು:
ಹೆದರಿಕೆ ನ್ಯಾಯವೇ. ಹೆಚ್ಚುಕಮ್ಮಿ ಆದರೆ ನೋಟಿಸ್ ಬರೋದು ಅವರಿಗೆ. ಸ್ಟ್ಯಾಂಡಿಂಗ್ ಆರ್ಡರ್ (ಡಾಕ್ಟರ್ ಬರೋ ಮುಂಚೆಯೇ ಡೋಸ್ ಕೊಡೋಕೆ ಮೊದಲೇ ಬರೆದಿಟ್ಟ ಆದೇಶ) ಒಂದು ಪುಟ ಬರೆಸಿ, ಸ್ತ್ರೀರೋಗ ತಜ್ಞರು, ಆಡಳಿತ ವೈದ್ಯಾಧಿಕಾರಿ ಇಬ್ಬರ ಸಹಿ ಹಾಕಿಸಿ ಡಬ್ಬದ ಜೊತೆಗೇ ಇಡಿ. ಕೇಂದ್ರ ಸರ್ಕಾರದ ಮಾರ್ಗಸೂಚಿ ಎಎನ್‌ಎಂಗಳಿಗೇ (ಹಳ್ಳಿ ಉಪಕೇಂದ್ರದ ಆರೋಗ್ಯ ಸಹಾಯಕಿಯರಿಗೇ) ಐಎಂ 10 ಗ್ರಾಂ ಕೊಟ್ಟು ಕಳಿಸೋಕೆ ಅವಕಾಶ ಕೊಟ್ಟಿದೆ. ಕೆ.ಆರ್. ಪೇಟೆಯಿಂದ ಮಂಡ್ಯದ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ಗೆ ಗಂಟೆ ಮೇಲಿನ ದಾರಿ, ಡೋಸ್ ಇಲ್ಲದೆ 108 ಹತ್ತಿಸಬಾರದು.

ರೆಫರಲ್ ಚೀಟಿಯಲ್ಲಿ 'ಮ್ಯಾಗ್‌ಸಲ್ಫ್ ಕೊಟ್ಟಿದೆ' ಅಂತಷ್ಟೇ ಬರೆದರೆ ಸಾಲದು. ಐವಿ ಎಷ್ಟು, ಐಎಂ ಎಷ್ಟು, ಎಷ್ಟು ಗಂಟೆಗೆ ಅಂತ ಇರಲಿ. ಇಲ್ಲದಿದ್ದರೆ ಅಲ್ಲಿಯವರು ಮತ್ತೆ ಪೂರ್ತಿ ಲೋಡಿಂಗ್ ಕೊಟ್ಟಾರು.