ಪಿಂಗಾಣಿಯ ಹೊಳಪನ್ನು ಚಿತ್ರದಲ್ಲಿ ತರುವುದು ಹೇಗೆ?

ಪ್ರಶ್ನೆ (ಚಿಕ್ಕಮಗಳೂರು):
ನೀಲಿ ಚಿತ್ತಾರದ ಬಿಳಿ ಪಿಂಗಾಣಿ ಹೂದಾನಿಯಲ್ಲಿ ನಮ್ಮ ಅಂಗಳದ ಕೆಂಪು ಡೇರೆ ಹೂಗಳನ್ನಿಟ್ಟು ತೈಲವರ್ಣದಲ್ಲಿ ಚಿತ್ರವೊಂದನ್ನು ರಚಿಸುತ್ತಿದ್ದೇನೆ. ಹೂಗಳು ಚೆನ್ನಾಗಿ ಮೂಡಿವೆಯಾದರೂ ಹೂದಾನಿ ಮಾತ್ರ ಸುಣ್ಣ ಬಳಿದ ಮಡಕೆಯಂತೆ ಮಂಕಾಗಿ ಕಾಣುತ್ತಿದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಹಾಸನ):
ಇಡೀ ಹೂದಾನಿಗೆ ತಾವು ಅಚ್ಚ ಬಿಳಿಯನ್ನೇ ಬಳಸಿರಬಹುದು. ಪಿಂಗಾಣಿಯ ಗಾಜಿನಂಥ ಮೆರುಗು ಸುತ್ತಲಿನ ಬಣ್ಣಗಳನ್ನು ಪ್ರತಿಫಲಿಸುವುದರಿಂದ, ಮೇಜಿನ ಬಳಿ ಮರದ ಕಂದು, ಹೂಗಳ ಕೆಳಗೆ ನಸುಗೆಂಪು, ನೆರಳಿನಲ್ಲಿ ನೀಲಿ ಬೆರೆತ ಬೂದು ಛಾಯೆಗಳನ್ನು ಗಮನಿಸಿ ಬಳಿಯಬೇಕು. ಅಚ್ಚ ಬಿಳಿಯನ್ನು ಕಿಟಕಿಯ ಬೆಳಕು ಮಿನುಗುವ ಒಂದೆರಡು ಕಡೆ ಮಾತ್ರ, ಅಂಚು ಸ್ಪಷ್ಟವಾಗಿರುವಂತೆ, ಎಲ್ಲಕ್ಕಿಂತ ಕೊನೆಗೆ ಇಡಿ. ನೀಲಿ ಚಿತ್ತಾರವೂ ಹೂದಾನಿಯ ಉಬ್ಬಿನೊಡನೆ ಬಾಗಿ, ನೆರಳಿನ ಕಡೆ ಗಾಢವಾಗಬೇಕು. ಬಾಡುವ ಹೂಗಳನ್ನು ಮೊದಲು ಮುಗಿಸಿದ್ದು ಒಳ್ಳೆಯದೇ ಆಯಿತು.

ಉತ್ತರ (ಸಕಲೇಶಪುರ):
ಹಿನ್ನೆಲೆಯನ್ನೂ ಪರಿಶೀಲಿಸಿ. ಡಚ್ ಕಲಾವಿದ ವಿಲ್ಲೆಮ್ ಕಾಲ್ಫ್ (1619–1693) ಚೀನಾದ ನೀಲಿ-ಬಿಳಿ ಬಟ್ಟಲುಗಳನ್ನು ಗಾಢವಾದ ಹಿನ್ನೆಲೆಯ ಎದುರಿಗೆ ಚಿತ್ರಿಸಿದ್ದರಿಂದಲೇ ಅವುಗಳ ಹೊಳಪು ಅಷ್ಟು ಎದ್ದು ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ನನ್ನ ಚಿತ್ರದ ಹಿನ್ನೆಲೆ ತಿಳಿಹಳದಿ ಗೋಡೆ. ಈಗಿನ ಪದರ ಒಣಗಿದ ಬಳಿಕ ಅದನ್ನು ಕಡುಗಂದು ಬಣ್ಣಕ್ಕೆ ತಿರುಗಿಸಿ, ಬಳಿಕ ಹೂದಾನಿಯ ನೆರಳುಗಳನ್ನು ತಿದ್ದುತ್ತೇನೆ. ಇಬ್ಬರಿಗೂ ಧನ್ಯವಾದಗಳು.